ಕಡಿಮಿ ರೊಕ್ಕದಾಗ ಕಿರುಚಿತ್ರ: ಸಿನಿಮಾ ಲುಕ್ ಹ್ಯಾಂಗ ತರೋದು?

ಕೇಳಿದವರು, ಕಲಬುರಗಿ:
ನಮಸ್ಕಾರ್ರಿ. ಒಂದು ಕಿರುಚಿತ್ರ ಮಾಡ್ಲಿಕತ್ತೀವಿ. ಅಜ್ಜಿ, ಮೊಮ್ಮಗ, ಒಂದು ಹಳೆ ಮನಿ, ಒಂದು ತೊಗರಿ ಹೊಲ, ಅಷ್ಟೇ ಕಥಿ. ಕೈಯಾಗ ಇರೋದು ಒಂದು ಫೋನು, ಗೆಳೆಯನ ಹಳೆ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸು. ಟ್ರಯಲ್ ತೆಗೆದು ನೋಡಿದ್ರ ಥೇಟ್ ಮದುವಿ ವಿಡಿಯೊ ಕಂಡಂಗ ಕಾಣ್ತದ. ಹೈದರಾಬಾದಿನಿಂದ ದೊಡ್ಡ ಕ್ಯಾಮೆರಾ ಬಾಡಿಗಿಗಿ ತರಬೇಕೇನು? ಮಾಡಿ ನೋಡಿದವರು ಹೇಳ್ರಿ.

ಕಲಬುರಗಿ, ಕ್ಯಾಮೆರಾ ಕೆಲಸದವ:
ಬಾಡಿಗಿ ರೊಕ್ಕ ಉಳಿಸ್ರಿ. ಮದುವಿ ವಿಡಿಯೊದಾಗ ಎಲ್ಲಾರ ಮುಖಾನೂ ಸಮ ಬೆಳಗಿರಬೇಕು, ಇಲ್ಲಂದ್ರ ಬೀಗರು ಸಿಟ್ಟಾಗ್ತಾರ. ಸಿನಿಮಾದಾಗ ಮುಖದ ಒಂದು ಬಾಜು ಕತ್ತಲಿದ್ರೇ ಛಂದ. ನೀವು ಬೆಳಕು ತೆಗಿಯೋದು ಕಲೀರಿ.

ಹಳೆ ಮನಿಯೊಳಗ ಮೊದಲು ಟ್ಯೂಬ್‌ಲೈಟ್ ಬಂದ್ ಮಾಡ್ರಿ, ಕಿಟಕಿ ಬೆಳಕಿನ ಬಣ್ಣಕ್ಕೂ ಅದಕ್ಕೂ ಹೊಂದಂಗಿಲ್ಲ. ಅಜ್ಜಿನ್ನ ಕಿಟಕಿ ಬಾಜೂಕ ಕೂಡಿಸ್ರಿ. ಗ್ವಾಡಿಗಿ ಒರಗಿಸಬ್ಯಾಡ್ರಿ, ಬೆನ್ನ ಹಿಂದ ಎಷ್ಟು ಜಾಗ ಸಿಗ್ತದೋ ಅಷ್ಟು ಬಿಡ್ರಿ. ಕ್ಯಾಮೆರಾ ನೆರಳಿನ ಬಾಜು ಇರಲಿ. ಸುಣ್ಣ ಹಚ್ಚಿದ ಗ್ವಾಡಿ ಬೆಳಕು ವಾಪಸ್ ಎಸೆದು ಆ ನೆರಳು ಕೆಡಿಸ್ತದ. ಅಲ್ಲೊಂದು ಕರಿ ಕಂಬಳಿ ಇಳಿಬಿಡ್ರಿ, ಮುಖದ ಸುಕ್ಕು ಒಂದೊಂದೂ ಎದ್ದು ಕಾಣ್ತದ. ನೆಲ ಶಹಾಬಾದ್ ಕಲ್ಲಿಂದಾದ್ರ ಶಾಟ್ ಮುಂಚೆ ಒದ್ದಿ ಬಟ್ಟಿ ಎಳೀರಿ, ಬಾಗಿಲ ಬೆಳಕು ಅದರಾಗ ಹೊಳೀತದ. ಬೆಳಕಿನ ಕೋಲು ಬೇಕಂದ್ರ ಫ್ಯಾನ್ ನಿಲ್ಲಿಸಿ, ಕೆಂಡದ ಮ್ಯಾಗ ಚಿಟಿಕಿ ಲೋಬಾನ ಹಾಕ್ರಿ. ಹೊಗಿ ಖೋಲಿ ತುಂಬ ಹರಡಿ ತೆಳ್ಳಗಾದ ಮ್ಯಾಗ ರೋಲ್ ಮಾಡ್ರಿ. ಸುರುಳಿ ಸುರುಳಿ ಕಂಡ್ರ ಪೂಜಾ ಸೀನ್ ಆಗ್ತದ!

ಹೊಲದಾಗ ಮಧ್ಯಾಹ್ನ ಕ್ಯಾಮೆರಾ ಹೊರಗ ತೆಗೀಲೇಬ್ಯಾಡ್ರಿ. ಮುಂಜಾನಿ ಇಲ್ಲಾ ಸಂಜಿಗಿ, ಸೂರ್ಯ ಪಾತ್ರದ ಬೆನ್ನಿಗಿರಲಿ. ನಮ್ಮ ಎರಿ ಮಣ್ಣು ಬೆಳಕು ನುಂಗ್ತದ, ಕಣ್ಣಿನ ಗುಳಿ ಕಪ್ಪಾಗ್ತಾವ. ತಳಗಿಂದ ಒಂದು ಥರ್ಮಾಕೋಲ್ ಹಾಳಿ ಹಿಡೀರಿ, ಸಾಕು.

ಯಾದಗಿರಿ:
ಮ್ಯಾಲಿನವರು ಹೇಳಿದ್ದು ಖರೇ, ಆದ್ರ ಶಟರ್ ಮಾತು, ಅಂದ್ರ ಒಂದೊಂದು ಫ್ರೇಮಿಗಿ ಎಷ್ಟೊತ್ತು ಬೆಳಕು ಬೀಳಬೇಕು ಅನ್ನೋದು, ಬಿಟ್ಟಾರ. ಸೆಕೆಂಡಿಗಿ 25 ಫ್ರೇಮ್, ಶಟರ್ 1/50 ಸೆಕೆಂಡ್, ಕಡೀತನಕ ಅಲುಗಾಡಿಸಬ್ಯಾಡ್ರಿ. ಕೈ ಬೀಸಿದಾಗ ಕಣ್ಣಿಗಿ ಒಗ್ಗೋ ಮಸುಕು ಬರೋದು ಅದರಿಂದ. ನಮ್ಮ ಕರೆಂಟು 50 ಹರ್ಟ್ಸ್, 1/60 ಇಟ್ರ ಬಲ್ಬಿನ ಬೆಳಕಿನಾಗ ಪಟ್ಟಿ ಪಟ್ಟಿ ಓಡ್ತಾವ.

ತೊಂದ್ರಿ ಬರೋದು ಬಿಸಿಲಾಗ. ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯೋ ಚುರುಕು) 100, ಶಟರ್ 1/50 ಇಟ್ರ ಲೆನ್ಸಿನ ಕಿಂಡಿ ಎಫ್ 22 ಕ್ಕ, ಅಂದ್ರ ಭಾಳ ಸಣ್ಣ, ಮಾಡಬೇಕಾಗ್ತದ. ಹಿಂದಿನ ಹೊಲ ಮಸುಕಾಗಲಿ ಅಂತ ಎಫ್ 2.8 ಕ್ಕ ತೆರದ್ರ ಆರು ಸ್ಟಾಪ್ (ಒಂದೊಂದು ಸ್ಟಾಪಿಗಿ ಎರಡು ಪಟ್ಟು) ಬೆಳಕು ಜಾಸ್ತಿ, ಬರೇ ಬಿಳಿ ಹಾಳಿ. ಅದನ್ನ ತಡೀಲಿಕ್ಕೆ ಎನ್‌ಡಿ 64 ಫಿಲ್ಟರ್, ಅಂದ್ರ ಲೆನ್ಸಿನ ಮುಂದ ಹಾಕೋ ಕಪ್ಪು ಗಾಜು, ಬೇಕು. ರೊಕ್ಕ ಹಾಕೋದಿದ್ರ ಇದಕ್ಕ ಹಾಕ್ರಿ. ಫೋನಿಗಿ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟ ಸಿಗ್ತದ. ಶಟರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕ ಹೊಂದಿಸೋ ಸೆಟ್ಟಿಂಗ್) ಮೂರೂ ಲಾಕ್ ಮಾಡ್ರಿ. ಪಾತ್ರ ಕಿಟಕಿ ಮುಂದ ಹಾದಾಗ ಚಿತ್ರ ತಾನೇ ಬೆಳ್ಳಗಾಗಿ ಕಪ್ಪಾಗ್ತದಲ್ಲ, ಮದುವಿ ವಿಡಿಯೊದ ಕಳಿ ಬರೋದೇ ಅಲ್ಲಿಂದ. ಮತ್ತ ಏಪ್ರಿಲ್, ಮೇ ಬ್ಯಾಡ್ರಿ, ಫೋನ್ ಕಾದು ಬಂದ್ ಬೀಳ್ತದ.

ಬೀದರ್:
ಗುಮ್ಮಟದ ಮುಂದೆ ನಿಂತರೆ ತಾನಾಗಿ ಸಿನಿಮಾ ಆಗುತ್ತದೆ ಎಂದು ನಮ್ಮೂರಿಗೆ ಹುಡುಗರು ಬರುತ್ತಲೇ ಇರುತ್ತಾರೆ. ಬೀದರ್ ಕೋಟೆ, ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕಗಳು. ಲಿಖಿತ ಅನುಮತಿ ಇಲ್ಲದೆ ಟ್ರೈಪಾಡ್ ಬಿಚ್ಚಬೇಡಿ. ಊರಲ್ಲಿ ವಾಯುಪಡೆಯ ನೆಲೆ ಇದೆ, ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಡ್ರೋನ್ ಮುಟ್ಟಲೇಬೇಡಿ. ಅಜ್ಜಿಯ ಕಥೆಗೆ ಡ್ರೋನ್ ಯಾಕೆ ಬೇಕು ಅನ್ನೋದು ಬೇರೆ ಮಾತು.

ನಿಮ್ಮ ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ಕ್ಯಾಮೆರಾ ಇಲ್ಲದೆ ಹೋಗಿ ನೋಡಿ. ಅಂಗಳವೇ ಇಲ್ಲ, ಪೂರ್ತಿ ಚಾವಣಿ. ಬೆಳಕು ಹೆಚ್ಚಾಗಿ ಬದಿಯ ಕಮಾನುಗಳಿಂದ ಬಂದು, ಒಳಗೆ ಹೋದಂತೆ ಕಂಬ ಕಂಬಕ್ಕೂ ಇಳಿಯುತ್ತದೆ. ಕಿಟಕಿ ಬೆಳಕು ಅಂತ ಮೇಲೆ ಹೇಳಿದರಲ್ಲ, ಅದರ ಪಾಠ ಅಲ್ಲಿದೆ.

ಕಲಬುರಗಿ, ಎಡಿಟಿಂಗ್:
ಎಲ್ಲಾರೂ ಚಿತ್ರದ್ದೇ ಮಾತಾಡ್ಲಿಕತ್ತೀರಿ. ಧ್ವನಿ ಹಾಳಾದ್ರ ಯಾವ ಲುಕ್ಕೂ ಉಳಿಯಂಗಿಲ್ಲ. ಎರಡನೇ ಫೋನ್ ಅಜ್ಜಿ ಸೆರಗಿನ ಹತ್ರ ಮುಚ್ಚಿಟ್ಟು ರೆಕಾರ್ಡ್ ಮಾಡ್ರಿ, ಶುರುವಿಗಿ ಒಂದು ಚಪ್ಪಾಳಿ ಹೊಡೀರಿ, ಮ್ಯಾಚ್ ಮಾಡ್ಲಿಕ್ಕೆ. ಮಾತು ಮುಗಿದ ಮ್ಯಾಗ ಅರ್ಧ ನಿಮಿಷ ಖಾಲಿ ಖೋಲಿ ಸಪ್ಪಳಾನೂ ತಗೋರಿ.

ಬಣ್ಣಕ್ಕ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಶನ್ ಸಾಕಾಗ್ತದ. ಮೊದಲು ಎಲ್ಲಾ ಶಾಟ್ ಒಂದಕ್ಕೊಂದು ಹೊಂದಿಸ್ರಿ, ಮೈಬಣ್ಣ ಸರಿ ಮಾಡ್ರಿ, ಹಸಿರು ಒಂದೀಟು ಇಳಿಸ್ರಿ. ಡೌನ್‌ಲೋಡ್ ಮಾಡಿದ ಎಲ್‌ಯುಟಿ (ರೆಡಿಮೇಡ್ ಬಣ್ಣದ ಫೈಲ್) ಒಗೆದು ಅಜ್ಜಿ ಮುಖ ಕಿತ್ತಳಿ ಮಾಡಬ್ಯಾಡ್ರಿ. ಮ್ಯಾಲ ತಳಗ ಕರಿ ಪಟ್ಟಿ ಹಾಕೋದು ನನಗಂತೂ ಸೇರಂಗಿಲ್ಲ, ಶೂಟ್ ಮಾಡೋವಾಗ ಆ ಅಳತಿಗಿ ಫ್ರೇಮ್ ಇಟ್ಟಿದ್ರ ಮಾತು ಬ್ಯಾರೆ.

ಕೇಳಿದವರು:
ಭಾಳ ಉಪಕಾರ ಆಯ್ತ್ರಿ. ಕಡೀ ಸೀನ್ ರಾತ್ರಿದು ಅದ, ಅಂಗಳದಾಗ. ಲೈಟ್ ಇಲ್ಲ. ಹ್ಯಾಂಗ?

ಕಲಬುರಗಿ, ಕ್ಯಾಮೆರಾ ಕೆಲಸದವ:
ರಾತ್ರಿ ತೆಗೀಬ್ಯಾಡ್ರಿ, ಚಿತ್ರದಾಗ ಬರೇ ಕಾಳು ಕಾಳು ಬರ್ತಾವ. ಹೊತ್ತು ಮುಳುಗಿ ಆಕಾಶ ನೀಲಿ ಆಗ್ತದಲ್ಲ, ಆಗ ತೆಗೀರಿ. ಒಳಗ ಒಂದು ಹಳದಿ ಬಲ್ಬ್ ಹಚ್ಚಿ ಬಾಗಿಲ ತೆರೆದಿಡ್ರಿ, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಸುತ್ತಮುತ್ತ ಲಾಕ್ ಮಾಡ್ರಿ. ಹೊರಗ ನೀಲಿ, ಒಳಗ ಹಳದಿ ಬರ್ತದ. ಸಿಗೋ ಟೈಮ್ ಭಾಳ ಕಡಿಮಿ, ಅದಕ್ಕ ರಿಹರ್ಸಲ್ ಹಗಲೇ ಮುಗಿಸಿಟ್ಟು, ಹಿಂದಿನ ಸಂಜಿ ಅದೇ ಅಂಗಳದಾಗ ನಿಂತು ಎಷ್ಟೊತ್ತಿಗಿ ನೀಲಿ ಆಗ್ತದ ಅಂತ ಗಡಿಯಾರ ನೋಡಿ ಬರೆದಿಟ್ಕೋರಿ.