ಸೆಲ್ ಗ್ರೂಪ್ ಅನ್ನುವುದಕ್ಕೆ ಗುಂಪು, ಕೂಟ, ಮನೆ: ಯಾವುದು ಸರಿ?

ಬಳಗದವರಿಗೆ ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ಚರ್ಚಿನ ವರ್ಷದ ವರದಿ ಬರೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ವಾರಕ್ಕೊಮ್ಮೆ ಎಂಟು ಹತ್ತು ಜನ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಬೈಬಲ್ ಓದಿ, ಕಷ್ಟಸುಖ ಹೇಳಿಕೊಂಡು, ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ ಮಾಡುತ್ತಾರೆ. ಬಾಯಿಮಾತಿನಲ್ಲಿ ಇದು ‘ಸೆಲ್ ಗ್ರೂಪ್’. ಹೋದ ವರ್ಷದ ವರದಿಯಲ್ಲಿ ‘ಕೋಶ ಗುಂಪು’ ಆಗಿತ್ತು. ಜೀವಕೋಶದ ಹಾಗೆ ಬೆಳೆದು ಎರಡಾಗುತ್ತದೆ ಅನ್ನುವ ಭಾವ ಇಂಗ್ಲಿಷಿನಲ್ಲಿ ಇದೆ, ನಿಜ. ಆದರೆ ಬರೀ ಕೋಶ ಅಂದರೆ ನಮಗೆ ನಿಘಂಟು, ಇಲ್ಲವೇ ಬೊಕ್ಕಸ ಅಲ್ವಾ?

‘ಸಣ್ಣ ಗುಂಪು’ ಅನ್ನೋಣ ಅಂದರೆ, ಗುಂಪು ಕಟ್ಟಿಕೊಂಡಿದ್ದಾನೆ ಅನ್ನುವುದು ಕನ್ನಡದಲ್ಲಿ ಒಳ್ಳೆ ಮಾತಲ್ಲ. ಗುಂಪುಗಾರಿಕೆಯ ವಾಸನೆ ಬರುತ್ತದೆ. ‘ಸಂಘ’ ಅಂದರೆ ಇಲ್ಲಿನ ಹೆಣ್ಣುಮಕ್ಕಳಿಗೆ ಸಾಲದ ಕಂತು ನೆನಪಾಗುತ್ತದೆ. ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ‘ವಾಳೆ’ ಇದೆ, ಅದಕ್ಕೊಬ್ಬ ಗುರಿಕಾರ, ಅಂದರೆ ಮುಖಂಡನೂ ಇರುತ್ತಾನೆ. ಆದರೆ ಅದು ಒಂದು ಕೇರಿಯ ಮನೆಗಳನ್ನೆಲ್ಲ ಸೇರಿಸಿದ ಲೆಕ್ಕ.

ಮೆಥೊಡಿಸ್ಟರು ಇದಕ್ಕೆ ‘ಕ್ಲಾಸ್’ ಅನ್ನುತ್ತಿದ್ದರು. ಶುರುವಾದದ್ದು 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಆ ಪಂಥ ಕಟ್ಟಿದ ಜಾನ್ ವೆಸ್ಲಿಯ ಕಾಲದಲ್ಲಿ. ಕಟ್ಟಡದ ಸಾಲ ತೀರಿಸಲು ಸುಮಾರು ಹನ್ನೆರಡು ಜನಕ್ಕೆ ಒಬ್ಬ ಮುಖಂಡನನ್ನು ಮಾಡಿದರು. ತಲೆಗೆ ವಾರಕ್ಕೆ ಒಂದು ಪೆನ್ನಿ. ಆ ಕಾಸು ಕೇಳಲು ಮನೆಮನೆಗೆ ಹೋದವರಿಗೆ ಯಾರು ಹೇಗೆ ಬದುಕುತ್ತಿದ್ದಾರೆ ಅನ್ನುವುದು ಕಂಡಿತು. ಆಮೇಲೆ ಆ ಹನ್ನೆರಡು ಜನ ಒಂದು ಕಡೆ ಸೇರತೊಡಗಿದರು. ಹಳೆ ಮೈಸೂರು ರಾಜ್ಯದಲ್ಲೂ ಇದೇ ಮೆಥೊಡಿಸ್ಟರ ವೆಸ್ಲಿಯನ್ ಮಿಷನ್ ಕೆಲಸ ಮಾಡಿತ್ತು. ಹಾಗಂತ ಇವತ್ತು ‘ಕ್ಲಾಸ್’ ಅಂದರೆ ಮಕ್ಕಳು ಬ್ಯಾಗ್ ಹುಡುಕುತ್ತಾರೆ.

ನನ್ನ ಮನಸ್ಸು ‘ಕೂಟ’ದ ಕಡೆಗಿದೆ. ಉಪವಾಸ ಕೂಟ, ಪ್ರಾರ್ಥನಾ ಕೂಟ ಮೊದಲೇ ಬಳಕೆಯಲ್ಲಿವೆ. ಬೇರು ‘ಕೂಡು’. ತುಂಗೆ ಭದ್ರೆ ಕೂಡುವ ಊರು ಕೂಡ್ಲಿ. ಎರಡು ನೀರು ಸೇರಿದ ಮೇಲೆ ಬೇರೆ ಮಾಡಲಾಗದು. ಇಬ್ಬರು ಮೂವರು ಸೇರಿದ ಕಡೆ ನಾನಿದ್ದೇನೆ ಅಂತ ಯೇಸು ಹೇಳುವಲ್ಲಿ ಕನ್ನಡ ಬೈಬಲ್ ಬಳಸಿರುವುದೂ ‘ಕೂಡಿಬರು’ ಅನ್ನುವ ಮಾತನ್ನೇ. ಕಾಲ ಕೂಡಿಬಂತು ಅನ್ನುವಾಗ ಇರುವ ಸಂತೋಷ ಅದರಲ್ಲಿದೆ.

ಆದರೆ ಕೂಟಕ್ಕೆ ಬರುವವರು ಆ ಪದವನ್ನೂ ಜಾಸ್ತಿ ಬಳಸುವುದಿಲ್ಲ. ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಕೇಳುವುದು ಒಂದೇ ಮಾತು: “ಈ ವಾರ ಯಾರ ಮನೆ?” ಇಲ್ಲಿ ಮನೆ ಅಂದರೆ ಗೋಡೆ ಬಾಗಿಲು ಅಲ್ಲ, ಆ ಕೂಟವೇ. ಬೈಬಲಿನಲ್ಲಿ ಅಪೊಸ್ತಲ ಪೌಲ ತನ್ನ ಪತ್ರದಲ್ಲಿ ಪ್ರಿಸ್ಕ ಮತ್ತು ಅಕ್ವಿಲ ಅವರ ಮನೆಯಲ್ಲಿ ಸೇರುವ ಸಭೆಗೆ ವಂದನೆ ಹೇಳಿದ್ದಾನೆ. ಅವರು ಗುಡಾರ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ.

ನಮ್ಮ ಶುಕ್ರವಾರದ ಕೂಟಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ಚರ್ಚಿನಲ್ಲಿ ಅವರು ಕೊನೆ ಬೆಂಚು. ಅಷ್ಟು ವರ್ಷದಲ್ಲಿ ಬಾಯಿಬಿಟ್ಟು ಒಂದು ಮಾತು ಆಡಿದ್ದು ನಾನು ಕೇಳಿಲ್ಲ. ಒಂದು ಸಂಜೆ ಚಾಪೆ ಮೇಲೆ ಮಂಡಕ್ಕಿ ತಟ್ಟೆ ಮುಂದಿಟ್ಟುಕೊಂಡು ಕೂತಾಗ ಮೆಲ್ಲಗೆ ಅಂದರು: “ಎರಡು ತಿಂಗಳಾತು, ಎಡಗಣ್ಣು ಕಾಣಂಗಿಲ್ಲ. ಯಾರಿಗೆ ಹೇಳ್ಲಿ ಅಂತ ಸುಮ್ನಿದ್ದೆ.” ಸೋಮವಾರ ಇಬ್ಬರು ಅಕ್ಕಂದಿರು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪೊರೆ ಬಂದಿತ್ತು. ಆಪರೇಷನ್ ಆಯಿತು. ಇನ್ನೂರು ಜನರ ನಡುವೆ ಆ ಮಾತು ಬರುತ್ತಿರಲಿಲ್ಲ. ಅದಕ್ಕೇ ನನಗೆ ‘ಮನೆಕೂಟ’ ಅನ್ನುವುದು ಸರಿ ಕಾಣುತ್ತದೆ. ನಿಮ್ಮ ಕಡೆ ಈ ಪದ ಇದೆಯಾ?

ಇನ್ನೊಂದು ಪ್ರಶ್ನೆ, ಇದೇ ನನಗೆ ಹೆಚ್ಚು ತೊಡಕು. ಹದಿನೈದು ಜನ ದಾಟಿದರೆ ಕೂಟವನ್ನು ಎರಡು ಮಾಡುತ್ತೇವೆ. ಅದಕ್ಕೆ ಕ್ರಿಯಾಪದ ಯಾವುದು? ‘ಒಡೆಯಿತು’ ಅನ್ನಲಾರೆ. ಮನೆ ಒಡೆಯುವುದು ಅಂದರೆ ಅಣ್ಣತಮ್ಮಂದಿರ ಜಗಳ. ‘ವಿಭಜನೆ’ ಅಂದರೂ ಅದೇ ಕಥೆ. ಭದ್ರಾ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ಒಂದೇ ಬುಡದಿಂದ ಹೊಸ ಕಡ್ಡಿಗಳು ಎದ್ದರೆ ‘ತೆಂಡೆ ಒಡೆದಿದೆ’ ಅನ್ನುತ್ತಾರೆ. ಅಲ್ಲೂ ಒಡೆಯುವುದೇ, ಆದರೆ ರೈತನಿಗೆ ಖುಷಿ. ‘ನಮ್ಮ ಮನೆಕೂಟ ಈ ವರ್ಷ ತೆಂಡೆ ಒಡೆಯಿತು’ ಅಂತ ವರದಿಯಲ್ಲಿ ಬರೆಯಬಹುದಾ? ಗದ್ದೆ ಕೆಲಸ ಬಲ್ಲವರು ದಯವಿಟ್ಟು ಹೇಳಿ. ಮುಂದಿನ ವಾರ ವರದಿ ಅಚ್ಚಿಗೆ ಹೋಗುತ್ತದೆ.