ಆಹಾರದ ಅಪಾಯದ ಬಗ್ಗೆ ಮಾತನಾಡಿದರೆ ದಾವೆ: ಟೆಕ್ಸಾಸಿನ ಕಾಯ್ದೆ ಏನು ಹೇಳುತ್ತದೆ?

ಪ್ರಶ್ನೆ:
ದನಗಳ ಮಿದುಳು ಕೆಡಿಸುವ ಹುಚ್ಚು ಹಸು ರೋಗದ ಚರ್ಚೆಯ ನಡುವೆ, ಇನ್ನು ಬರ್ಗರ್ ತಿನ್ನುವ ಮನಸ್ಸಿಲ್ಲವೆಂದು ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ 1996ರಲ್ಲಿ ಟಿವಿಯಲ್ಲಿ ಹೇಳಿದ್ದಕ್ಕೆ ಟೆಕ್ಸಾಸಿನ ದನ ಸಾಕಣೆದಾರರು ದಾವೆ ಹೂಡಿದರೆಂದು ಓದಿದೆ. ಮಾನವಿರುವುದು ಮನುಷ್ಯರಿಗೆ, ತಿನ್ನುವ ಪದಾರ್ಥವನ್ನು ದೂರಿದರೆ ಅದು ಹೇಗೆ ಅಪರಾಧ? ಓಪ್ರಾ ಗೆದ್ದ ಮೇಲೆ ಆ ಕಾಯ್ದೆ ರದ್ದಾಯಿತೇ?

ಉತ್ತರ 1:
ರದ್ದಾಗಿಲ್ಲ. ಮೊದಲಿಗೆ, ಇದು ಅಪರಾಧದ ಮಾತಲ್ಲ, ನಷ್ಟ ಪರಿಹಾರದ ಸಿವಿಲ್ ದಾವೆ. ಸೇಬಿಗೆ ಸಿಂಪಡಿಸುತ್ತಿದ್ದ ಅಲಾರ್ ಎಂಬ ರಾಸಾಯನಿಕದಿಂದ ಕ್ಯಾನ್ಸರ್ ಅಪಾಯವಿದೆಯೆಂದು ಸಿಬಿಎಸ್ ವಾಹಿನಿ 1989ರಲ್ಲಿ ವರದಿ ಮಾಡಿತು. ವಾಷಿಂಗ್ಟನ್ ರಾಜ್ಯದ ಬೆಳೆಗಾರರು ಹೂಡಿದ ದಾವೆ, ವರದಿ ಸುಳ್ಳೆಂದು ತೋರಿಸಲಾಗದೆ ಬಿದ್ದುಹೋಯಿತು. ಆ ವರ್ಷಗಳಲ್ಲಿ 13 ರಾಜ್ಯಗಳು ಬೆಳೆಗಾರರ ಪರವಾಗಿ ಪ್ರತ್ಯೇಕ ಕಾಯ್ದೆ ಮಾಡಿಕೊಂಡವು. ಟೆಕ್ಸಾಸಿನದು 1995ರದು: ಬೇಗ ಕೆಡುವ ಆಹಾರವೊಂದು ಸುರಕ್ಷಿತವಲ್ಲವೆಂದು, ಸುಳ್ಳೆಂಬುದು ಗೊತ್ತಿದ್ದೂ ಪ್ರಚಾರ ಮಾಡಿದವರು ನಷ್ಟ ಕಟ್ಟಿಕೊಡಬೇಕು. 1998ರಲ್ಲಿ ಅಮರಿಲ್ಲೊ ನಗರದ ನ್ಯಾಯಾಧೀಶರು ಈ ಕಾಯ್ದೆ ಪ್ರಕರಣಕ್ಕೆ ಅನ್ವಯಿಸದೆಂದು ಬದಿಗಿಟ್ಟರು. ಜ್ಯೂರಿ ಓಪ್ರಾ ಪರ ತೀರ್ಪು ಕೊಟ್ಟದ್ದು ಸುಳ್ಳು ಹೇಳಿ ಇನ್ನೊಬ್ಬರ ವ್ಯಾಪಾರ ಕೆಡಿಸುವುದರ ವಿರುದ್ಧದ ಹಳೆಯ 'ವ್ಯಾಪಾರ ನಿಂದನೆ' ಕಾನೂನಿನಡಿ. ಹಾಗಾಗಿ ಕಾಯ್ದೆ ಸಂವಿಧಾನಬದ್ಧವೇ ಎಂಬ ಪ್ರಶ್ನೆ ಅಲ್ಲಿ ತೀರ್ಮಾನವಾಗಲೇ ಇಲ್ಲ.

ಉತ್ತರ 2:
ಬೆಳೆಗಾರರ ಸಂಕಟವನ್ನೂ ನೋಡಬೇಕು. 2008ರಲ್ಲಿ ಆಹಾರದಿಂದ ಬರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸೋಂಕು ಹರಡಿದಾಗ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೆಲವು ಬಗೆಯ ಟೊಮ್ಯಾಟೊ ತಿನ್ನಬೇಡಿರೆಂದಿತು. ಜಾಡು ಕೊನೆಗೆ ಮುಟ್ಟಿದ್ದು ಮೆಕ್ಸಿಕೊದ ಮೆಣಸಿನಕಾಯಿಗೆ. ಅಷ್ಟರಲ್ಲಿ ಹಣ್ಣು ಕೊಳೆತಾಗಿತ್ತು. ಕೊಯ್ದ ಟೊಮ್ಯಾಟೊ ತೀರ್ಪಿಗಾಗಿ ಕಾಯುವುದಿಲ್ಲ.

ಉತ್ತರ 3:
ಆ ನಷ್ಟ ನಿಜ, ಆದರೆ ಅದು ಸರ್ಕಾರಿ ಸಂಸ್ಥೆಯ ಎಚ್ಚರಿಕೆಯಿಂದ ಆದದ್ದು. ಈ ಕಾಯ್ದೆಗಳು ಹೆದರಿಸುವುದು ಪತ್ರಕರ್ತರನ್ನೂ ಸಾಮಾನ್ಯರನ್ನೂ. ಟೆಕ್ಸಾಸಿನ ಕಾಯ್ದೆಯಡಿ ಮಾತು ಸುಳ್ಳೇ ಎಂದು ಅಳೆಯುವಾಗ ಅದಕ್ಕೆ ನಂಬಲರ್ಹ ವೈಜ್ಞಾನಿಕ ಆಧಾರವಿತ್ತೇ ಎಂದು ನೋಡಲಾಗುತ್ತದೆ. ನನ್ನ ಆತಂಕ ಇರುವುದು ಇಲ್ಲೇ. 1990ರಲ್ಲಿ ಬ್ರಿಟನ್ನಿನ ಕೃಷಿ ಸಚಿವ ಜಾನ್ ಗಮರ್, ಹುಚ್ಚು ಹಸು ರೋಗದ ಭೀತಿಯ ನಡುವೆ ಗೋಮಾಂಸ ಸುರಕ್ಷಿತವೆಂದು ತೋರಿಸಲು ಕ್ಯಾಮೆರಾಗಳ ಮುಂದೆ ನಾಲ್ಕು ವರ್ಷದ ಮಗಳ ಬಾಯಿಗೆ ಬರ್ಗರ್ ಹಿಡಿದರು. ಆ ದಿನ ಎದ್ದುನಿಂತು ಆಕ್ಷೇಪಿಸಿದವರ ಕೈಯಲ್ಲಿ ಯಾವ ಪುರಾವೆ ಇರುತ್ತಿತ್ತು? ರೋಗ ಮನುಷ್ಯರಿಗೆ ತಗುಲಿರಬಹುದೆಂದು ಅದೇ ಸರ್ಕಾರ ಒಪ್ಪಿಕೊಂಡದ್ದು 1996ರ ಮಾರ್ಚಿನಲ್ಲಿ. ಓಪ್ರಾ ಕಾರ್ಯಕ್ರಮದಲ್ಲಿ ಹೋವರ್ಡ್ ಲೈಮನ್ ಎಂಬ ಮಾಜಿ ಪಶುಪಾಲಕರು ದೂರಿದ್ದು, ಈ ರೋಗ ಹರಡಬಲ್ಲ ರೂಢಿಯನ್ನು, ಅಂದರೆ ದನಗಳಿಗೆ ದನಗಳ ಅವಶೇಷವನ್ನೇ ಪುಡಿಮಾಡಿ ತಿನ್ನಿಸುವುದನ್ನು. 1997ರ ಆಗಸ್ಟಿನಲ್ಲಿ, ಅವರ ಮೇಲಿನ ದಾವೆ ಇನ್ನೂ ನಡೆಯುತ್ತಿರುವಾಗಲೇ, ಎಫ್‌ಡಿಎ ಅಂಥ ಮೇವನ್ನು ನಿಷೇಧಿಸಿತು.