ತೊಗರಿ ಬದುವಿನ್ಯಾಗ ಕಾಡು ಬಾರ್ಲಿ? ಆ್ಯಪ್ ಹೇಳಿದ್ದು ಖರೇನಾ?

ತೊಗರಿಹೊಲ (ಸುರಪುರ, ಯಾದಗಿರಿ)
ಬದುವಿನ ಮ್ಯಾಲ ಈ ಹುಲ್ಲು ಭಾಳ ಬಂದದ. ಹಸಿರು ತೆನಿ, ಸುತ್ತ ಬಿರುಸು ಕೂದಲು. ಹಾಯ್ದು ಹೋದ್ರ ಸಾಕು, ಧೋತರಕ್ಕ ಹತ್ಕೋತದ. ಆ್ಯಪ್‌ನ್ಯಾಗ ಫೋಟೊ ಹಾಕಿದ್ರ 'ಕಾಡು ಬಾರ್ಲಿ' ಅಂತ ಬಂತು. ಎಮ್ಮಿಗಿ ಹಾಕ್ಲಾಕ ಬರ್ತದೇನ್ರಿ?

ಕಳೆಶತ್ರು (ಕಲಬುರಗಿ)
ಕಳೆನಾಶಕ ಹೊಡೀರಿ, ಮುಗೀತು.

ಹುಲ್ಲುಗಣ್ಣು (ಬೀದರ್)
ಬಾಜೂಕ ತೊಗರಿ ಅದ, ಔಷಧ ಗಾಳಿಗಿ ಹಾರ್ತದ. ಸುಮ್ನಿರಪ್ಪ.

ತೊಗರಿಹೊಲ ಅವ್ರೇ, ಫೋಟೊದಾಗ ಎಲಿ ಬುಡ ಕಾಣವಲ್ದು. ಎಲಿ ಕಾಂಡಕ್ಕ ಕೂಡೋ ಕಡಿ ಉಗುರಿನಂಥ ಎರಡು ಕಿವಿ ಕಾಂಡ ತಬ್ಬಿದ್ರ ಬಾರ್ಲಿ ಅನ್ಲಾಕ ಒಂದು ಆಧಾರ. ಆಮ್ಯಾಲ ತೆನಿ ನೋಡ್ರಿ. ಬಾರ್ಲಿ ಕುಲದಾಗ ಒಂದೊಂದು ಗಿಣ್ಣಿಗಿ ಮೂರು ಕಿರುತೆನಿ ಕೂಡಿರ್ತಾವ. ಕಾಡು ಬಾರ್ಲಿ ಹಣ್ಣಾದ್ರ ತೆನಿನೇ ಗಿಣ್ಣುಗಿಣ್ಣಿಗಿ ಮುರಿದು ಉದುರ್ತದ. ಕಾಳಷ್ಟೇ ಬಿದ್ದು ಬಿರುಗೂದಲು ಕಡ್ಡಿಗೇ ಉಳಿದ್ರ ನವಣಿ ಬಳಗ.

ನನಗ ಹಂಗಾಮೂ ಕೂಡವಲ್ದು. ಕಾಡು ಬಾರ್ಲಿ ಅಂದ್ರ ಹಾರ್ಡಿಯಮ್ ಸ್ಪಾಂಟೇನಿಯಮ್, ನಾವು ಬೆಳೆಯೋ ಬಾರ್ಲಿಯ ಮೂಲ. ಚಳಿಗಾಲದ ಮಳಿಗಿ ಮೊಳೆತು, ಬ್ಯಾಸಗಿ ಬರೋದ್ರಾಗ ಬೀಜ ಉದುರಿಸಿ ಒಣಗೋ ಹುಲ್ಲದು. ಅದರ ತವರು ಇಸ್ರೇಲ್, ಜೋರ್ಡಾನ್, ಸಿರಿಯಾ, ತುರ್ಕಿಯ ದಕ್ಷಿಣ ಭಾಗ, ಇರಾಕ್, ಇರಾನಿನ ಝಾಗ್ರೋಸ್ ಬೆಟ್ಟಸಾಲು. ಅಲ್ಲಿಂದ ಪೂರ್ವಕ್ಕ ತುರ್ಕಮೇನಿಸ್ತಾನ, ಅಫ್ಘಾನಿಸ್ತಾನದ ತನಕ. ಗಲಿಲೀ ಸರೋವರದ ದಂಡಿಗಿ ಓಹಾಲೊ ಅನ್ನೋ ನೆಲಿಯಾಗ ಸುಮಾರು 23,000 ವರ್ಷದ ಹಿಂದಿನ ಜನ ಕೂಡಿಟ್ಟಿದ್ದ ಅದರ ಕಾಳು ಸಿಕ್ಕಾವ. ಮುಂಗಾರಿನ ಎರಿ ಹೊಲದಾಗ ತಾನಾಗೇ ಏಳೋದು ಅಲ್ಲ ಅದು.

ತೊಗರಿಹೊಲ
ನೋಡಿದೆ. ಕಿವಿ ಇಲ್ಲ, ಎಲಿ ಬುಡದಾಗ ಸಣ್ಣ ಕೂದಲಿನ ಸಾಲದ. ತಿಕ್ಕಿದ್ರ ಕಾಳು ಬಿತ್ತು, ಬಿರುಗೂದಲು ಅಲ್ಲೇ ಉಳೀತು. ತೆನಿ ಮ್ಯಾಲ ಬೆರಳು ಬುಡದಿಂದ ತುದಿಗಿ ಒಯ್ದ್ರ ತಡೀತದ, ತುದಿಯಿಂದ ಕೆಳಗ ಜಾರ್ತದ.

ಹುಲ್ಲುಗಣ್ಣು
ಹಂಗಾದ್ರ ಸೆಟೇರಿಯಾ ವರ್ಟಿಸಿಲೇಟಾ, ನವಣಿ ಬಳಗದ ಹುಲ್ಲು. ಕೂದಲಿನ ಕೊಕ್ಕಿ ಹಿಂದಕ್ಕ ಬಾಗಿರ್ತಾವ, ಅದಕ್ಕೇ ಧೋತರ ಬಿಡಂಗಿಲ್ಲ. ಮಜಾ ಏನಂದ್ರ, ನಮ್ಮ ಕಡಿ ಹಳೇ ಧಾನ್ಯ ಬಾರ್ಲಿ ಅಲ್ಲ, ಇದೇ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲಿಗಳಾಗ ಕೊರಲೆ ಜೊತಿ ಇದರ ಸುಟ್ಟ ಕಾಳು ಸಿಕ್ಕಾವ. ಬಾರ್ಲಿ, ಗೋಧಿ ವಾಯವ್ಯದ ಕಡಿಯಿಂದ ಬಂದವು. ನಿಮ್ಮ ಸುರಪುರ ಸೀಮಿ ಬೂದಿಹಾಳದಾಗೂ ಆ ಕಾಲದ ಬೂದಿದಿಬ್ಬ (ದನದ ಸಗಣಿ ಸುಟ್ಟ ಬೂದಿಯ ದಿಬ್ಬ) ಅದ, ಸಾಧ್ಯ ಆದ್ರ ಒಮ್ಮೆ ನೋಡಿ ಬರ್ರಿ.

ಎಮ್ಮಿಗಿ ತೆನಿ ಬರೋಕಿಂತ ಮೊದಲು ಕೊಯ್ದು ಹಾಕ್ರಿ, ಎಳೀದು ಛಲೋ ಮೇವು. ತೆನಿ ಬಲಿತಿದ್ದು ಬ್ಯಾಡ, ಬಾಯಿಗಿ ಚುಚ್ತದ. ಬೀಜ ಉದುರೋಕಿಂತ ಮೊದಲು ಕಿತ್ರ ಮುಂದಿನ ವರ್ಷ ಇಷ್ಟು ಬರಂಗಿಲ್ಲ.

ತೊಗರಿಹೊಲ
ಅರ್ಧಕ್ಕರ್ಧ ತೆನಿ ಆಗೇಬಿಟ್ಟಾವ್ರಿ. ಅವನ್ನ ಬ್ಯಾರೆ ಕಿತ್ತು ಸುಡ್ತೀನಿ, ಉಳಿದದ್ದು ಎಮ್ಮಿಗಿ.